ಗೋಡೆಯ ಮೇಲೆ ಉಡುವ ಸೀರೆ

ನಮ್ಮ ಅತ್ತೆಯ ಕಣ್ಣಿಗೆ ಪೊರೆ ಆಪರೇಷನ್ ಮಾಡಿಸಬಾರದಿತ್ತು ಅಂತ ನನ್ನ ಗಂಡ ಈಗಲೂ ಅನ್ನುತ್ತಾರೆ. ಅದಕ್ಕೆ ಮೊದಲು ಅತ್ತೆಗೆ ಲೋಕವೆಲ್ಲ ಮಜ್ಜಿಗೆ ನೀರಿನೊಳಗಿಂದ ನೋಡಿದ ಹಾಗೆ ಕಾಣುತ್ತಿತ್ತು, ನಾವೂ ನೆಮ್ಮದಿಯಾಗಿದ್ದೆವು. ಎರಡೂ ಕಣ್ಣು ತಿಳಿಯಾದ ಮೇಲೆ ಬೀರುವಿನ ಮೇಲಿನ ಧೂಳು ಕಂಡಿತು, ಅಕ್ಕಿಯೊಳಗಿನ ಹುಳ ಕಂಡಿತು, ಎದುರುಮನೆಯಾಕೆ ರವಿಕೆಗೆ ಹಾಕಿದ ತೇಪೆ ಕಂಡಿತು. ಕಂಡದ್ದನ್ನು ಬಾಯಿಬಿಟ್ಟು ಹೇಳದಿದ್ದರೆ ಅವರಿಗೆ ಉಂಡ ಅನ್ನ ಅರಗುವುದಿಲ್ಲ. ಕಣ್ಣಿಗೆ ಹನಿ ಬಿಡುವುದು ಇನ್ನೂ ನಿಂತಿರಲಿಲ್ಲ, ಹುಲಿಕೆರೆಯಿಂದ ದೊಡ್ಡತ್ತೆ ತೀರಿಕೊಂಡ ಸುದ್ದಿ ಬಂತು.

ದೊಡ್ಡತ್ತೆ ಅಂದರೆ ಅತ್ತೆಯ ವಾರಗಿತ್ತಿ, ನಮ್ಮ ಮಾವನ ಅಣ್ಣನ ಹೆಂಡತಿ. ಅತ್ತೆ ಅವರನ್ನು ಅಕ್ಕ ಅಂತ ಕರೆಯುತ್ತಿದ್ದರು. ಮನೆ ಭಾಗವಾಗುವ ತನಕ ಇಬ್ಬರೂ ಹುಲಿಕೆರೆಯ ಒಂದೇ ಅಡುಗೆಮನೆಯಲ್ಲಿ ಬೆಂದವರು. ಭಾಗವಾದ ಮೇಲೆ ಮಾವ ಹಳೇಬೀಡಿಗೆ ಬಂದು ಮನೆ ಕಟ್ಟಿದರು, ದೊಡ್ಡತ್ತೆಯವರು ಅಲ್ಲೇ ಉಳಿದರು. ನಡುವೆ ಇರುವುದು ಚೂರು ದಾರಿ. ಆದರೂ ಹಬ್ಬ ಹುಣ್ಣಿಮೆ ಬಿಟ್ಟರೆ ಇಬ್ಬರೂ ಅಷ್ಟಾಗಿ ಹೋಗಿಬಂದು ಮಾಡುತ್ತಿರಲಿಲ್ಲ. ಜಗಳವೇನೂ ಇರಲಿಲ್ಲ. ಭಾಗವಾದ ಮನೆಗಳಲ್ಲಿ ಇರುವಷ್ಟು ಬಿಗುಮಾನ, ಅಷ್ಟೆ.

ತಿಥಿಯ ದಿನ ಚಪ್ಪರದಡಿ ಒಂದು ಕುರ್ಚಿಯ ಮೇಲೆ ದೊಡ್ಡತ್ತೆಯ ಫೋಟೋ ಇಟ್ಟು ಹಾರ ಹಾಕಿದ್ದರು. ಅತ್ತೆ ಅದರ ಎದುರಿಗೆ ನಿಂತವರು ಕದಲಲಿಲ್ಲ. ನೆಂಟರು "ಪಾಪ, ಎಷ್ಟು ವರ್ಷದ ಒಡನಾಟ" ಅಂತ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅತ್ತೆ ನನ್ನ ತೋಳು ಹಿಡಿದು ಬಗ್ಗಿಸಿ, ತಾವು ಪಿಸುಮಾತು ಅಂದುಕೊಂಡಿರುವ ದನಿಯಲ್ಲಿ ಕೇಳಿದರು.

"ಈ ಸೀರೆ ಯಾರ್ದೇ?"

ಅರ್ಧ ಚಪ್ಪರ ತಿರುಗಿ ನೋಡಿತು. ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ದೊಡ್ಡತ್ತೆ ಜನ್ಮವಿಡೀ ವಾಯಿಲ್ ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಂಡು ಕೊಟ್ಟಿಗೆಗೂ ಒಲೆಗೂ ಓಡಾಡಿದವರು. ಫೋಟೋದಲ್ಲಿ ಬೀಟ್‌ರೂಟ್ ಬಣ್ಣದ ರೇಷ್ಮೆ, ಅಂಗೈ ಅಗಲದ ಜರಿ ಅಂಚು, ಹೆಗಲ ಮೇಲೆ ನವಿಲಿನ ಪಿನ್ನು. ಮುಖ ಮಾತ್ರ ಅವರದೇ, ಯಾವುದೋ ಮದುವೆಯ ಗುಂಪು ಫೋಟೋದಿಂದ ಕತ್ತರಿಸಿದ್ದು. ಆವತ್ತು ಬಾಯಲ್ಲಿ ಎಲೆಯಡಿಕೆ ಇದ್ದಿರಬೇಕು, ಒಂದು ಕೆನ್ನೆ ಉಬ್ಬಿಕೊಂಡೇ ಇತ್ತು.

"ಎಲೆಡ್ಕೆ ಹಾಕ್ಕೊಂಡೇ ಹೋಗವ್ಳೆ. ಅದು ನಮ್ಮಕ್ಕಂದೇ ಕೆನ್ನೆ. ಕತ್ತಿನಿಂದ ಕೆಳಕ್ಕೆ ಮಾತ್ರ ಅವಳಲ್ಲ ಕಣೇ," ಅಂದರು ಅತ್ತೆ. ನಾನು ಅವರನ್ನು ಮೆಲ್ಲಗೆ ಊಟದ ಪಂಕ್ತಿಗೆ ಸಾಗಿಸಿದೆ.

ಆ ಮಾತು ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಮುಂದೆ ಮಾದಿಹಳ್ಳಿಯಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೋದೆವು. ನಾನು ಒಳಗೆ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದೆ. ನಡುಮನೆಯಿಂದ ಅತ್ತೆ ಕೂಗಿದರು.

"ಬಾರೇ ಇಲ್ಲಿ! ಅಕ್ಕ ಇಲ್ಲಿಗೂ ಬಂದವ್ಳೆ!"

ಓಡಿಬಂದು ನೋಡಿದರೆ ಗೋಡೆಯ ಮೇಲೆ ಆ ಮನೆಯ ತೀರಿಹೋದ ಹಿರಿಯಾಕೆ. ಅದೇ ಬೀಟ್‌ರೂಟ್ ಸೀರೆ, ಅದೇ ಅಂಚು, ಅದೇ ನವಿಲಿನ ಪಿನ್ನು. ಅತ್ತೆ ಗೋಡೆಗೆ ಮೂಗು ತಾಗಿಸಿ ನಿಂತು, ಕತ್ತಿನ ಬಲಗಡೆ ಕಡಲೆಯಷ್ಟು ದೊಡ್ಡ ಮಚ್ಚೆಯನ್ನು ತೋರಿಸಿದರು. ದೊಡ್ಡತ್ತೆಯ ಫೋಟೋದಲ್ಲೂ ಅದು ಅಲ್ಲೇ ಇತ್ತಂತೆ. ಮೊನ್ನೆ ಮೊನ್ನೆ ತಿಳಿಯಾದ ಕಣ್ಣು, ಏನು ಹೇಳೋಣ.

ನಾನು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವಳು. ಬಿಡಿಸಿ ಹೇಳದೆ ನನಗೂ ಸಮಾಧಾನವಿಲ್ಲ. ಬಸ್ಸಿನಲ್ಲಿ ವಾಪಸು ಬರುತ್ತಾ ಅತ್ತೆಗೆ ವಿವರಿಸಿದೆ. ನಮ್ಮ ಕಡೆ ಯಾರಾದರೂ ತೀರಿಕೊಂಡಾಗ ಮನೆಯವರಿಗೆ ಮೊದಲು ನೆನಪಾಗುವುದು ಅವರದೊಂದು ನೆಟ್ಟಗಿನ ಫೋಟೋ ಇಲ್ಲ ಅನ್ನುವುದು. ಆಗ ಗುಂಪು ಫೋಟೋವನ್ನೋ ಗುರುತಿನ ಚೀಟಿಯನ್ನೋ ಹಿಡಿದುಕೊಂಡು ಅರಸೀಕೆರೆಯ ಸ್ಟುಡಿಯೋಕ್ಕೆ ಓಡುತ್ತಾರೆ. ಅವನು ಮುಖ ಕತ್ತರಿಸಿಕೊಂಡು, ಕಂಪ್ಯೂಟರಿನಲ್ಲಿ ತಯಾರಾಗಿಯೇ ಇರುವ ಮೈಯ ಮೇಲೆ ಕೂರಿಸುತ್ತಾನೆ. ಹೆಂಗಸರಿಗೆ ರೇಷ್ಮೆ ಸೀರೆ, ಗಂಡಸರಿಗೆ ಕೋಟು ಟೈ.

"ಅಂದ್ರೆ ನಮ್ಮನೆಯೋರ ಕೋಟು?"

"ಅದೂ ಅಂಥದ್ದೇ, ಅತ್ತೆ."

ಮಾವ ಬದುಕಿದ್ದಾಗ ಕೋಟು ಹಾಕಿದವರಲ್ಲ. ಅಂಗಿಯ ಮೇಲಿನ ಗುಂಡಿ ಹಾಕಿದರೇ ಉಸಿರು ಕಟ್ಟುತ್ತದೆ ಅನ್ನುತ್ತಿದ್ದವರು ಈಗ ನಮ್ಮ ನಡುಮನೆಯ ಗೋಡೆಯ ಮೇಲೆ ಕೆಂಪು ಟೈ ಬಿಗಿದುಕೊಂಡು ಕೂತಿದ್ದಾರೆ. ಅತ್ತೆ ದಿನಾ ಅವರಿಗೆ ಕುಂಕುಮ ಇಡುವಾಗ "ಸೆಕೆ ಆಗಲ್ವಾ?" ಅಂತ ಕೇಳುತ್ತಾರೆ. ಯಾರೋ ಬ್ಯಾಂಕ್ ಮ್ಯಾನೇಜರನ ಪೂಜೆ ಮಾಡಿದಂಗಾಗುತ್ತೆ ಅಂತ ಒಂದೊಂದು ದಿನ ನನ್ನ ಹತ್ತಿರ ಗೊಣಗುತ್ತಾರೆ. ಮಕ್ಕಳೇ ದುಃಖದಲ್ಲಿ ಓಡಾಡಿ ಮಾಡಿಸಿದ್ದು ಅಂತ ಸುಮ್ಮನಿದ್ದರು.

ಆ ರಾತ್ರಿ ಊಟಕ್ಕೆ ಕೂತಾಗ ಅತ್ತೆ ಘೋಷಿಸಿಬಿಟ್ಟರು. "ನಾನು ಬದುಕಿರೋವಾಗ್ಲೇ ಫೋಟೋ ತೆಗೆಸ್ಕೊತೀನಿ. ನನ್ನ ಮೈ, ನನ್ನ ಸೀರೆ. ಸತ್ತಮೇಲೆ ಕಂಡೋರ ಸೀರೆ ಉಟ್ಕೊಂಡು ಗೋಡೆ ಮೇಲೆ ಕೂರಾಕೆ ನನ್ನ ಕೈಲಾಗಲ್ಲ."

"ಆಗ ನಿಂಗೆ ಗೊತ್ತಾಗುತ್ತೇನವ್ವಾ?" ಅಂದರು ನನ್ನ ಗಂಡ, ಮುದ್ದೆ ಮುರಿಯುತ್ತಾ.

"ನಂಗೆ ಗೊತ್ತಾಗ್ದಿದ್ರೆ ಬ್ಯಾಡ. ನೋಡೋರಿಗೆ ಕಣ್ಣಿಲ್ವಾ?"

ಅತ್ತೆಗೆ ಸಾವಿನ ಹೆದರಿಕೆಯಿಲ್ಲ. ಸಾವಿನ ಮಾತನ್ನು ನಾಳೆ ಬರುವ ಹಾಲಿನವನ ಮಾತಿನಷ್ಟೇ ಸಲೀಸಾಗಿ ಆಡುತ್ತಾರೆ. ಅವರು ಹೆದರಿದ್ದು ಆ ಬೀಟ್‌ರೂಟ್ ಸೀರೆಗೆ. ಮೊಮ್ಮಕ್ಕಳು, ಅವರ ಮಕ್ಕಳು ತಲೆಯೆತ್ತಿ ನೋಡಿದಾಗ ಅಲ್ಲಿ ಇರಬೇಕಾದವಳು ತಾನು, ತನ್ನ ಬದಲು ಬೇರೊಬ್ಬಳು ಮುಖವಾಡ ಹಾಕಿಕೊಂಡು ಕೂತಿರಬಾರದು. ಮೊದಲು ನನಗೂ ನಗು ಬಂತು. ಆಮೇಲೆ ಗೋಡೆಯ ಮೇಲಿನ ಮ್ಯಾನೇಜರ್ ಮಾವನನ್ನು ನೋಡಿದೆ. ಅತ್ತೆಯ ಮಾತು ನ್ಯಾಯವಾಗಿಯೇ ಇದೆ ಅನ್ನಿಸಿತು.

ಫೋಟೋ ತೆಗೆಸುವುದು ಸುಲಭ. ಸೀರೆ ಯಾವುದು?

ಈ ಪ್ರಶ್ನೆ ನನ್ನ ನಾದಿನಿಯರ ಕಿವಿಗೆ ಬೀಳಬಾರದಿತ್ತು. ದೊಡ್ಡ ನಾದಿನಿ ಬೇಲೂರಿನಲ್ಲಿ, ಚಿಕ್ಕವಳು ಬಾಣಾವರದಲ್ಲಿ. ಮುಂದಿನ ಭಾನುವಾರ ಇಬ್ಬರೂ ಹೇಳದೆ ಕೇಳದೆ ಬಂದಿಳಿದರು. ಅತ್ತೆಯ ಟ್ರಂಕು ನಡುಮನೆಗೆ ಬಂತು. ಅದರಲ್ಲಿರುವ ಒಳ್ಳೆಯ ಸೀರೆಗಳೆಲ್ಲ ಯಾರಾದರೂ ಕೊಟ್ಟವು. ನವಿಲು ನೀಲಿ ದೊಡ್ಡವಳು ಗೃಹಪ್ರವೇಶಕ್ಕೆ ಉಡಿಸಿದ್ದು. ಅರಿಶಿನ ಬಣ್ಣದ್ದು ಚಿಕ್ಕವಳು ಮಗನ ನಾಮಕರಣಕ್ಕೆ ಕೊಟ್ಟದ್ದು. ಗಿಳಿ ಹಸಿರಿನದು ನಾನು ಕೊಟ್ಟದ್ದು. ಮದುವೆಗೋ ಮುಂಜಿಗೋ ಆದರೆ ಇವತ್ತು ಇದು ನಾಳೆ ಅದು ಅಂತ ಮೂವರನ್ನೂ ತೃಪ್ತಿಪಡಿಸಬಹುದು. ಗೋಡೆಯ ಮೇಲೆ ಒಮ್ಮೆ ಉಟ್ಟರೆ ಉಟ್ಟದ್ದೇ.

"ನೀಲೀಲಿ ಅವ್ವನ ಬಣ್ಣ ಎದ್ದು ಕಾಣುತ್ತೆ," ಅಂದಳು ದೊಡ್ಡವಳು.

"ನೀಲಿ ಉಟ್ರೆ ಅವ್ವ ಜ್ವರ ಬಂದೋರ ಥರ ಕಾಣ್ತಾರೆ. ಅರಿಶಿನ ಮಂಗಳಕರ," ಅಂದಳು ಚಿಕ್ಕವಳು.

"ಹಸಿರೂ ಮಂಗಳಕರವೇ," ಅಂದೆ ನಾನು, ಯಾರ ಕಡೆಗೂ ಇಲ್ಲದವಳ ಹಾಗೆ ಸೀರೆ ಮಡಚುತ್ತಾ. ಇಬ್ಬರೂ ನನ್ನನ್ನು ದುರುಗುಟ್ಟಿಕೊಂಡು ನೋಡಿದರು.

"ಅತ್ತಿಗೆ, ನೀವು ದಿನಾ ಅವ್ವನ ಜೊತೇಲೇ ಇರ್ತೀರಲ್ಲ, ಫೋಟೋದಲ್ಲೂ ನಿಮ್ಮ ಸೀರೇನೇ ಯಾಕೆ?" ಅಂದಳು ಚಿಕ್ಕವಳು. ದಿನಾ ಜೊತೆಯಲ್ಲಿ ಇರುವುದು ಯಾವ ಬಗೆಯ ಸುಖ ಅಂತ ಒಂದು ವಾರ ಇದ್ದು ನೋಡಲಿ ಅಂತ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಸುಳ್ಳು ಯಾಕೆ ಹೇಳಲಿ, ಆ ಗೋಡೆ ನಾನು ಗುಡಿಸಿ ಒರೆಸುವ ಗೋಡೆ. ಅಲ್ಲಿ ನನ್ನ ಹಸಿರೇ ಇರಬೇಕು ಅಂತ ನನಗೂ ಹಟ ಬಂದಿತ್ತು.

ಬೇಲೂರಿನವಳು ಇನ್ನೊಂದು ಸಲಹೆ ತೆಗೆದಳು. ಅವಳ ಮನೆ ದೇವಸ್ಥಾನದ ಬೀದಿಯಲ್ಲೇ ಇರುವುದು. ದಿನ ಬೆಳಗಾದರೆ ಮದುವೆಯಾಗುವ ಹುಡುಗ ಹುಡುಗಿಯರು ಬಂದು ಕಲ್ಲಿನ ಗೋಡೆಗೆ ಒರಗಿ ಫೋಟೋ ತೆಗೆಸಿಕೊಳ್ಳುವುದನ್ನು ನೋಡಿ ನೋಡಿ ಅವಳಿಗೆ ಅದೇ ಗುಂಗು. ಅವ್ವನನ್ನೂ ಅಲ್ಲೇ, ಶಿಲಾಬಾಲಿಕೆಯ ಪಕ್ಕ ನಿಲ್ಲಿಸಿ ತೆಗೆಸೋಣ ಅಂದಳು.

"ಆ ಕಲ್ಲಿನ ಹೆಂಗಸ್ರ ಮೈಮೇಲೆ ಒಡವೆ ಬಿಟ್ರೆ ಇನ್ನೇನೈತೆ? ಅವಕ್ಕೆ ಸೀರೆ ಆರ್ಸೋ ತಾಪತ್ರಯ ಇಲ್ಲ, ನಗ್ತಾ ನಿಂತವೆ," ಅಂದರು ಅತ್ತೆ. ಸಲಹೆ ಬಿದ್ದುಹೋಯಿತು.

ಜಗಳ ಏರುತ್ತಿದ್ದಾಗ ನಾನು ಟ್ರಂಕಿನ ತಳದಿಂದ ಒಂದು ಗಂಟು ತೆಗೆದೆ. ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿದ್ದ ಧರ್ಮಾವರದ ಸೀರೆ, ಈರುಳ್ಳಿ ಸಿಪ್ಪೆಯ ಬಣ್ಣ. ಮಡಿಕೆಯ ಗೆರೆಗಳಲ್ಲಿ ರೇಷ್ಮೆ ಸವೆದಿತ್ತು. ಇದು ಯಾವುದು ಅತ್ತೆ ಅಂತ ಕೇಳಿದೆ. ಅವರು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಪಂಚೆ ಸುತ್ತಿದರು.

"ಅದು ಬಿಡು. ನಂದೊಬ್ಬಳದ್ದಲ್ಲ ಅದು."

ನಾದಿನಿಯರು ನೀಲಿ ಹಳದಿಗಳಲ್ಲಿ ಮುಳುಗಿದ್ದರು, ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಅತ್ತೆಯೇ ತೀರ್ಪು ಕೊಟ್ಟರು. ಮೂರೂ ಸೀರೆ ತೆಗೆದುಕೊಂಡು ಹೋಗುವುದು, ಅಲ್ಲಿ ಯಾವುದು ಒಪ್ಪುತ್ತದೋ ಅದು.

ಅರಸೀಕೆರೆಗೆ ಹೊರಟ ದಿನ ನಾವು ಮತ ಎಣಿಕೆ ಕೇಂದ್ರಕ್ಕೆ ಹೊರಟ ಪಕ್ಷದ ಏಜೆಂಟರ ಹಾಗಿದ್ದೆವು. ಬೇಲೂರಿನವಳು ಹಿಂದಿನ ದಿನವೇ ಬಂದು ಇಸ್ತ್ರಿ ಮಾಡಿದ ನೀಲಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಬಾಣಾವರದಲ್ಲಿ ಚಿಕ್ಕವಳು ಬಸ್ ಹತ್ತಿದಳು, ಕೈಯಲ್ಲಿ ಅರಿಶಿನ ಸೀರೆಗೆ ಹೊಂದುವ ಬಳೆಯ ಡಬ್ಬಿ. ನನ್ನ ಹಸಿರು ನನ್ನ ಬ್ಯಾಗಿನಲ್ಲಿ ಭದ್ರವಾಗಿತ್ತು. ಅತ್ತೆ ಕಿಟಕಿಯ ಪಕ್ಕ ತಮ್ಮ ದಿನನಿತ್ಯದ ವಾಯಿಲ್ ಸೀರೆಯಲ್ಲಿ ಕೂತು, ಕಾಲಬುಡದಲ್ಲಿ ಒಂದು ಬಟ್ಟೆಯ ಕೈಚೀಲ ಇಟ್ಟುಕೊಂಡು, ಕಂಡಕ್ಟರನ ಜೊತೆ ಕೊಬ್ಬರಿ ಧಾರಣೆ ಮಾತಾಡುತ್ತಿದ್ದರು.

ಸ್ಟುಡಿಯೋ ಬಸ್‌ಸ್ಟ್ಯಾಂಡಿನ ಹತ್ತಿರ, ಮಹಡಿಯ ಮೇಲೆ. ಕೆಳಗೆ ತೆಂಗಿನಕಾಯಿ ಲಾರಿ ಅಡ್ಡ ನಿಂತಿತ್ತು. ಅದನ್ನು ಸುತ್ತಿ ಬಳಸಿ ಅತ್ತೆಯನ್ನು ಮೆಟ್ಟಿಲು ಹತ್ತಿಸಿದೆವು. ಸ್ಟುಡಿಯೋದವನು ನಡುವಯಸ್ಸಿನವನು, ಬಾಯಿ ತುಂಬ ಮಾತು. ನಾವು ಮೂರು ಚೀಲಗಳಿಂದ ಮೂರು ಸೀರೆ ಹೊರತೆಗೆದದ್ದು ನೋಡಿ ನಕ್ಕ.

"ಯಾಕಮ್ಮ ಇಷ್ಟು ತೊಂದರೆ ತಗೊಂಡ್ರಿ? ಅಜ್ಜಿ ಮುಖ ಒಂದು ಕೊಡಿ ಸಾಕು. ಸೀರೆ ನಾನು ಹಾಕ್ತೀನಿ. ಒಳ್ಳೆ ರೇಷ್ಮೆ ಸೀರೆ ಐತೆ ನಮ್ಮ ಹತ್ರ."

"ಬೀಟ್‌ರೂಟ್ ಬಣ್ಣದ್ದಾ?" ಅಂದರು ಅತ್ತೆ.

"ಅರೆ, ನಿಮಗೆಂಗೆ ಗೊತ್ತಾಯ್ತು?"

ಅತ್ತೆಯ ಕಣ್ಣು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಫೋಟೋಗಳನ್ನು ಕವರಿಗೆ ತುಂಬುತ್ತಿದ್ದ ಹೆಂಗಸಿನ ಮೇಲೆ ನೆಟ್ಟಿತ್ತು. ಅವಳ ಮುಖದ ಮೇಲಲ್ಲ, ಕತ್ತಿನ ಮೇಲೆ. ಬಲಗಡೆ, ಕಡಲೆಯಷ್ಟು ದೊಡ್ಡ ಮಚ್ಚೆ.

"ನೀನಾ!" ಅಂದರು ಅತ್ತೆ.

ಆಕೆ ಮೊದಲು ಬೆಚ್ಚಿದಳು. ವಿಷಯ ಏನೆಂದು ತಿಳಿದ ಮೇಲೆ ಸೆರಗು ಬಾಯಿಗಿಟ್ಟುಕೊಂಡು ಬಗ್ಗಿ ಬಗ್ಗಿ ನಕ್ಕಳು. ಆಕೆ ಸ್ಟುಡಿಯೋದವನ ಹೆಂಡತಿ. ಕಂಪ್ಯೂಟರ್ ಬಂದ ಹೊಸತರಲ್ಲಿ ತಲೆ ಕೂರಿಸಲು ಒಂದು ಹೆಂಗಸಿನ ಮೈ ಬೇಕಾಗಿತ್ತಂತೆ. ಬೇರೆಯವರದ್ದು ಹಾಕಿದರೆ ಗಲಾಟೆಯಾಗುತ್ತದೆ ಅಂತ ಗಂಡ ತಮ್ಮದೇ ಮದುವೆಯ ರಿಸೆಪ್ಶನ್ ಫೋಟೋ ತೆಗೆದುಕೊಂಡ. ಹೆಂಡತಿಯ ತಲೆ ತೆಗೆದ, ತನ್ನ ತಲೆಯನ್ನೂ ತೆಗೆದ. ಅಲ್ಲಿಂದ ಈಚೆಗೆ ಸುತ್ತಮುತ್ತಲ ಊರಿನ ಅಜ್ಜಿಯರೆಲ್ಲ ಆ ಸೀರೆಯಲ್ಲಿ, ಅಜ್ಜಂದಿರೆಲ್ಲ ಆ ಕೋಟಿನಲ್ಲಿ.

"ಎಷ್ಟೋ ತಿಥೀಲಿ ನನಗೆ ನಾನೇ ಹೂ ಹಾಕಿ ಕೈ ಮುಗಿದು ಬಂದಿದೀನಿ ಅಮ್ಮ," ಅಂದಳು ಆಕೆ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾ.

ನಾದಿನಿಯರೂ ನಾನೂ ಗೋಡೆ ಹಿಡಿದುಕೊಂಡು ನಕ್ಕೆವು. ಅತ್ತೆ ನಗಲಿಲ್ಲ. ಅವರ ತಲೆಯಲ್ಲಿ ಲೆಕ್ಕ ನಡೆಯುತ್ತಿತ್ತು.

"ಅಂದ್ರೆ ನನ್ನ ಗಂಡ ನಿಮ್ಮ ರಿಸೆಪ್ಶನ್ ಕೋಟಲ್ಲವ್ರೆ. ನಮ್ಮಕ್ಕ ನಿಮ್ಮ ರಿಸೆಪ್ಶನ್ ಸೀರೇಲವ್ಳೆ."

"ಹೂಂ, ಅಜ್ಜಿ."

"ಥೂ ನಿನ್ನ! ನನ್ನ ಗಂಡನ್ನೂ ಅವರ ಅತ್ತಿಗೇನೂ ಗಂಡುಹೆಣ್ಣು ಮಾಡಿ ಕೂರ್ಸಿದೀಯಲ್ಲೋ!"

ಸ್ಟುಡಿಯೋದವನ ಮಾತು ಅದೇ ಮೊದಲ ಸಲ ನಿಂತಿತು. ಅವನ ಹೆಂಡತಿ ಮಾತ್ರ ಕುರ್ಚಿ ಬಿಟ್ಟೆದ್ದು ಒಳಗೆ ಓಡಿದಳು, ಅಲ್ಲಿಂದಲೂ ನಗು ಕೇಳುತ್ತಿತ್ತು.

ಸಮಾಧಾನಕ್ಕೆ ಎಲ್ಲರಿಗೂ ಕಾಫಿ ಬಂತು. ಕುಡಿದ ಮೇಲೆ ಕೆಲಸ ಶುರು. ಯಾರೂ ಬಾಯಿ ತೆರೆಯುವ ಮೊದಲೇ ನಾನು ಹಸಿರು ಸೀರೆ ಮುಂದಿಟ್ಟೆ. ಹಸಿರು ಬೇಡಮ್ಮ, ಹಿಂದಿನ ಪರದೆ ಹಸಿರು, ಆಗಲ್ಲ ಅಂದ ಅವನು. ಯಾಕೆ ಆಗಲ್ಲ, ಹಸಿರಿನ ಮುಂದೆ ಹಸಿರು ಕೂತರೆ ಏನು ಕಷ್ಟ ಅಂತ ನಾನು ಪಟ್ಟು ಹಿಡಿದೆ. ನನ್ನ ದನಿ ತರಗತಿಯ ಮಟ್ಟಕ್ಕೆ ಏರಿರಬೇಕು, ಅವನು ಅತ್ತೆಯನ್ನು ಕೂರಿಸಿ ತೆಗೆದ. ತೆಗೆದು ಕಂಪ್ಯೂಟರಿಗೆ ಹಾಕಿ, "ಈಗ ಪರದೆ ತೆಗೀತೀನಿ ನೋಡಿ" ಅಂತ ಒಂದು ಗುಂಡಿ ಒತ್ತಿದ.

ಪರದೆ ಹೋಯಿತು. ಅದರ ಜೊತೆ ನನ್ನ ಸೀರೆಯೂ ಹೋಯಿತು. ಯಾವುದೋ ದೇಶದ ಹಿಮದ ಬೆಟ್ಟದ ಮುಂದೆ ಅತ್ತೆಯ ತಲೆ ಒಂದು ಕಡೆ, ಎರಡು ಕೈ ಒಂದು ಕಡೆ ತೇಲುತ್ತಿದ್ದವು. ನಡುವೆ ಜರಿಯ ಅಂಚು ಮಾತ್ರ ಹಾವಿನ ಪೊರೆಯಂತೆ ಸುತ್ತಿಕೊಂಡಿತ್ತು.

"ಮುಖ ಚೆನ್ನಾಗಿ ಬಂದೈತೆ," ಅಂದಳು ಬೇಲೂರಿನವಳು, ಬಹಳ ಮೃದುವಾಗಿ.

"ಸೊಸೆ ಕೊಟ್ಟ ಸೀರೆ ಉಟ್ರೆ ಮೈನೇ ಇಲ್ದಂಗಾಯ್ತದೆ ಅಂತ ಊರಿಗೆಲ್ಲ ಹೇಳ್ತೀನಿ," ಅಂದರು ಅತ್ತೆ. ಆಗ ಅವರಿಗೆ ನಗು ಬಂತು. ಬಂದದ್ದು ನಿಲ್ಲಲೇ ಇಲ್ಲ. ನನಗೆ ಸಿಟ್ಟು ನೆತ್ತಿಗೇರಿತ್ತು, ಆದರೂ ಆ ತೇಲುವ ತಲೆ ನೋಡಿ ತಡೆಯಲಾಗಲಿಲ್ಲ.

ಆಮೇಲೆ ನೀಲಿ ಉಡಿಸಿದರು, ತೆಗೆದರು. ಅರಿಶಿನ ಉಡಿಸಿದರು, ತೆಗೆದರು. ಎರಡೂ ಚೆನ್ನಾಗಿಯೇ ಬಂದವು. ಹಾಗಾಗಿ ಜಗಳ ಮತ್ತೆ ಹತ್ತಿಕೊಂಡಿತು. ಅಕ್ಕ ತಂಗಿ ಇಬ್ಬರೂ ಕಂಪ್ಯೂಟರಿನ ಮುಂದೆ ನಿಂತು ಅವ್ವನ ಒಂದೇ ಮುಖದಲ್ಲಿ ಇಲ್ಲಿ ಜ್ವರ, ಅಲ್ಲಿ ಕಾಮಾಲೆ ಹುಡುಕತೊಡಗಿದರು. ಕೊನೆಗೆ ಸ್ಟುಡಿಯೋದವನ ಹೆಂಡತಿಯೇ ದಾರಿ ತೋರಿಸಿದಳು. ಬೇಲೂರಿನ ಮನೆಗೆ ನೀಲಿ, ಬಾಣಾವರದ ಮನೆಗೆ ಅರಿಶಿನ. ಅವರವರ ಗೋಡೆ, ಅವರವರ ಸೀರೆ. ಇಷ್ಟು ಸಣ್ಣ ವಿಷಯ ನಮಗೆ ಯಾರಿಗೂ ಹೊಳೆದಿರಲಿಲ್ಲ, ಯಾಕೆಂದರೆ ಹೊಳೆಯಬೇಕು ಅಂತ ಯಾರಿಗೂ ಇರಲಿಲ್ಲ.

ಹಾಗಾದರೆ ಹಳೇಬೀಡಿನ ಗೋಡೆಗೆ ಹಸಿರು, ಬಿಳಿ ಪರದೆ ಹಾಕಿ ತೆಗೆಯಿರಿ ಅಂತ ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಕಾಲಬುಡದ ಬಟ್ಟೆಯ ಚೀಲ ಎತ್ತಿಕೊಂಡು ಬಟ್ಟೆ ಬದಲಿಸುವ ಮೂಲೆಗೆ ಹೊರಟರು.

"ನೀವ್ ಮೂವರೂ ಇಲ್ಲೇ ಇರಿ. ಇದನ್ನ ನಾನೇ ಉಟ್ಕೊತೀನಿ."

ಹೊರಗೆ ಬಂದಾಗ ಮೈಮೇಲೆ ಆ ಈರುಳ್ಳಿ ಸಿಪ್ಪೆ ಬಣ್ಣದ ಧರ್ಮಾವರ. ಮಡಿಕೆಯ ಗೆರೆ ಗೆರೆಯೂ ಕಾಣುತ್ತಿತ್ತು. ಸವೆದ ಜಾಗಗಳನ್ನು ನೆರಿಗೆಯ ಒಳಕ್ಕೆ ಸೇರಿಸಿ, ಎಷ್ಟೋ ಸಲ ಉಟ್ಟು ಗೊತ್ತಿರುವವರ ಹಾಗೆ ಉಟ್ಟಿದ್ದರು. ಕುರ್ಚಿಯಲ್ಲಿ ಕೂತು ಸೆರಗು ಸರಿಮಾಡಿಕೊಂಡು, "ಹೂಂ, ತೆಗಿ" ಅಂದರು. ನೀಲಿಯಲ್ಲೂ ಅರಿಶಿನದಲ್ಲೂ ಬಿಗಿದುಕೊಂಡಿದ್ದ ಮುಖ ಇದರಲ್ಲಿ ಸಡಿಲವಾಗಿತ್ತು.

ತೆಗೆದಾದ ಮೇಲೆ ಕೇಳಿದರು. "ಲೋ, ನಮ್ಮಕ್ಕನ ಮುಖ ನಿನ್ನ ಮಿಷನ್ನಲ್ಲಿ ಇನ್ನೂ ಐತಾ? ಹುಲಿಕೆರೆಯೋಳು. ಕೆನ್ನೆಲಿ ಎಲೆಡ್ಕೆ."

ಅವನು ಹುಡುಕಿದ. ಇತ್ತು.

"ಅದನ್ನ ಎತ್ತಿ ನನ್ನ ಮೈಮೇಲೆ ಕೂರ್ಸು. ಈ ಸೀರೆ ಮೇಲೆ."

ನಾವು ಮುಖ ಮುಖ ನೋಡಿಕೊಂಡೆವು. ಕಂಡವರ ಸೀರೆ, ಕಂಡವರ ಮೈ ಬೇಡ ಅಂತ ಇಷ್ಟು ರಂಪ ಮಾಡಿದವರು ಇವರೇನಾ? ದೊಡ್ಡ ನಾದಿನಿ ಕೇಳಿಯೂಬಿಟ್ಟಳು.

"ನಾನೇನು ಕಂಡೋಳಾ ಅವಳಿಗೆ?" ಅಂದರು ಅತ್ತೆ. "ಈ ಸೀರೆ ನಮ್ಮತ್ತೆ ತಂದಿದ್ದು, ಇಬ್ರಿಗೂ ಸೇರಿ. ಮನೇಲಿ ಇದ್ದ ಒಳ್ಳೆ ಸೀರೆ ಇದೊಂದೇ. ಯಾರ ಮನೆ ಮದ್ವೆ ಬಂದ್ರೂ ಒಬ್ಳು ಇದನ್ನ ಉಟ್ಕೊಂಡು ಹೋಗೋದು, ಇನ್ನೊಬ್ಳು ದನ ನೋಡ್ಕೊಂಡು ಮನೇಲಿರೋದು. ಹೋದೋಳು ವಾಪಸ್ ಬಂದು ಹೇಳಿದ್ದೇ ಇನ್ನೊಬ್ಳಿಗೆ ಮದ್ವೆ. ಇಬ್ರೂ ಜೊತೇಲಿ ಒಂದು ಮದ್ವೆಗೂ ಹೋಗ್ಲಿಲ್ಲ."

ಕೆಳಗೆ ಲಾರಿಗೆ ಕಾಯಿ ಎಸೆಯುವ ಸದ್ದು ಕೇಳುತ್ತಿತ್ತು. ಅತ್ತೆ ಅಂಚಿನ ಜರಿಯನ್ನು ಬೆರಳಲ್ಲಿ ತೀಡುತ್ತಿದ್ದರು.

"ಭಾಗ ಆದಾಗ ಪಾತ್ರೆ ಹಂಚಿದ್ರು, ದನ ಹಂಚಿದ್ರು, ತೆಂಗಿನ ಮರ ಹಂಚಿದ್ರು. ಇದನ್ನ ಹರಿಯಾಕಾಯ್ತದಾ? ನಿನ್ನ ಹತ್ರಾನೇ ಇರ್ಲಿ, ಬೇಕಾದಾಗ ಇಸ್ಕೊತೀನಿ ಅಂದ್ಲು. ಕೇಳ್ಲಿ ಕೊಡಣ ಅಂತ ನಾನು. ಕೊಡ್ಲಿ ಉಡಣ ಅಂತ ಅವಳು. ಅಷ್ಟ್ರಲ್ಲೇ ಹೋಗ್ಬಿಟ್ಲು."

ಬಾಣಾವರದವಳು ಬಳೆ ಡಬ್ಬಿಯನ್ನು ಸುಮ್ಮನೆ ತೆರೆದು ಮುಚ್ಚುತ್ತಿದ್ದಳು. ಸ್ಟುಡಿಯೋದವನು ಕೆಲಸಕ್ಕೆ ಕೂತ. ದೊಡ್ಡತ್ತೆಯ ಮುಖ ಮೆಲ್ಲಗೆ ಅತ್ತೆಯ ಹೆಗಲ ಮೇಲೆ ಇಳಿದು ಕೂತಿತು. ಉಬ್ಬಿದ ಕೆನ್ನೆ, ಈರುಳ್ಳಿ ಬಣ್ಣದ ಸೆರಗು. ಆಶ್ಚರ್ಯವೆಂದರೆ ಹೊಂದಿಕೊಂಡಿತು. ಅಡಚಣೆ ಒಂದೇ, ಮಡಿಲಲ್ಲಿ ಇಟ್ಟಿದ್ದ ಕೈಯ ಮೇಲೆ ಅತ್ತೆಯ ಹಚ್ಚೆ ಎದ್ದು ಕಾಣುತ್ತಿತ್ತು.

"ಹಚ್ಚೆ ಅಳಿಸ್ಲಾ ಅಜ್ಜಿ? ಇಲ್ಲಾಂದ್ರೆ ಕೈ ನಿಮ್ಮದು ಅಂತ ಗೊತ್ತಾಗುತ್ತೆ."

"ಬ್ಯಾಡ, ಇರ್ಲಿ ಬಿಡು. ಆ ಮನೇಲಿ ಅವಳ ಪಾಲಿನ ಕೆ‌ಲ್ಸಾನೂ ಈ ಕೈಯೇ ಮಾಡಿರೋದು," ಅಂದರು ಅತ್ತೆ. ಇಷ್ಟಾದರೂ ಕುಟುಕುವುದನ್ನು ಬಿಡಲಿಲ್ಲ.

ಮಾವನ ಕೋಟು ಏನು ಮಾಡೋಣ ಅಂತ ಹೊರಡುವಾಗ ಕೇಳಿದೆ. "ಅವರು ಮ್ಯಾನೇಜರಾಗೇ ಇರ್ಲಿ. ಈ ವಯಸ್ಸಲ್ಲಿ ಮತ್ತೆ ಬಟ್ಟೆ ಬದ್ಲಾಯ್ಸು ಅಂದ್ರೆ ರೇಗ್ತಾರೆ," ಅಂದರು.

ಧರ್ಮಾವರ ಉಟ್ಟ ಅತ್ತೆಯ ಫೋಟೋ ಕಟ್ಟು ಹಾಕಿಸಿಕೊಂಡು ಮನೆಗೆ ಬಂತು. ಬದುಕಿರುವವರ ಫೋಟೋ ಹಿರಿಯರ ಸಾಲಿನಲ್ಲಿ ನೇತುಹಾಕಬಾರದು ಅಂತ ಪೇಪರಿನಲ್ಲಿ ಸುತ್ತಿ ಬೀರುವಿನ ಮೇಲೆ ಇಟ್ಟಿದ್ದೇವೆ. ಅಲ್ಲಿ ಧೂಳು ಕೂತಿದೆಯೇ ಅಂತ ಅವರು ಆಗಾಗ ಸ್ಟೂಲು ಹತ್ತಿ ನೋಡುತ್ತಾರೆ. ನನ್ನ ಹಸಿರು ಸೀರೆ ಟ್ರಂಕಿನಲ್ಲಿದೆ. ಆ ತೇಲುವ ತಲೆಯ ಫೋಟೋವನ್ನು ಮಾತ್ರ ಸ್ಟುಡಿಯೋದವನ ಹೆಂಡತಿ ನನ್ನ ಫೋನಿಗೆ ಕಳಿಸಿದ್ದಾಳೆ. ಅತ್ತೆಯ ಮೇಲೆ ಸಿಟ್ಟು ಬಂದ ದಿನ ತೆಗೆದು ನೋಡಿಕೊಳ್ಳುತ್ತೇನೆ.

ಇನ್ನೊಂದು ಫೋಟೋ ದೊಡ್ಡತ್ತೆಯ ವರ್ಷದ ತಿಥಿಗೆ ಹುಲಿಕೆರೆಗೆ ಹೋಯಿತು. ದೊಡ್ಡತ್ತೆಯ ಮಗ ಪೇಪರು ಬಿಚ್ಚಿ ಬಹಳ ಹೊತ್ತು ನೋಡಿದರು. ಬೀಟ್‌ರೂಟ್ ಸೀರೆಯದ್ದನ್ನು ಇಳಿಸಿ ಇದನ್ನು ಕುರ್ಚಿಯ ಮೇಲೆ ಇಟ್ಟರು. ಹಾರ ಹಾಕುವಾಗ ಸೀರೆ ಮುಚ್ಚಿಹೋಗದ ಹಾಗೆ ಸ್ವಲ್ಪ ಮೇಲಕ್ಕೆ ಕಟ್ಟಿದರು.

ಅವತ್ತು ಬೆಳಿಗ್ಗೆ ಅತ್ತೆ ಅದೇ ಧರ್ಮಾವರ ಉಟ್ಟು ಸಿದ್ಧವಾಗಿದ್ದರು. ತಿಥಿಗೆ ಯಾರಾದರೂ ರೇಷ್ಮೆ ಉಡುತ್ತಾರಾ, ಅದೂ ಮೈಮೇಲೆ ನಿಲ್ಲದಷ್ಟು ಹಳೆಯದು, ಜನ ಏನಂದಾರು ಅಂತ ನಾದಿನಿಯರು ಫೋನಿನಲ್ಲಿ ಬೈದರು. ನಾನು ಎರಡು ಪಿನ್ನು ಹಾಕಿಕೊಟ್ಟೆ. ಚಪ್ಪರದಲ್ಲಿ ಅತ್ತೆ ಫೋಟೋದ ಪಕ್ಕದಲ್ಲೇ ಚಾಪೆಯ ಮೇಲೆ ಕೂತರು. ಬಂದ ನೆಂಟರಲ್ಲಿ ಒಬ್ಬಾಕೆ ಫೋಟೋಕ್ಕೆ ಕೈ ಮುಗಿದು, ತಿರುಗಿ ಅತ್ತೆಯನ್ನು ನೋಡಿ, ಮತ್ತೆ ಫೋಟೋ ನೋಡಿದಳು.

"ಏನಜ್ಜಿ, ಇಬ್ರದೂ ಒಂದೇ ಸೀರೆ?"

"ಹೂಂ ಕಣವ್ವ, ಒಂದೇ ಸೀರೆ," ಅಂದರು ಅತ್ತೆ. "ಇವತ್ತು ಇಬ್ರೂ ಬಂದಿದೀವಿ."